ನಲವತ್ತೆರಡು ಹೆಜ್ಜೆ: ಕೊಡಗಿನ ನಿವೃತ್ತರ ವಸತಿಯಲ್ಲಿ 17 ತಿಂಗಳು ಬಾಡಿಗೆಗಿದ್ದು ಬರೆದದ್ದು

ನಮ್ಮ ಬ್ಲಾಕಿನ ಬಾಗಿಲಿನಿಂದ ಡೈನಿಂಗ್ ಹಾಲಿನ ಬಾಗಿಲಿಗೆ ನನಗೆ ನಲವತ್ತೆರಡು ಹೆಜ್ಜೆ. ಮಂಡಿ ಆಪರೇಷನ್ ಆಗಿರುವ ನಮ್ಮ ಯಜಮಾನರಿಗೆ ಅರವತ್ತರ ಹತ್ತಿರ. ಈ ದಾರಿಗೆ ಸೂರಿಲ್ಲ. ಫ್ಲಾಟಿನ ಅಳತೆ, ಲಿಫ್ಟು, ಬಾತ್‌ರೂಮಿನ ಹಿಡಿಕೆ, ವಾಕಿಂಗ್ ಟ್ರ್ಯಾಕು ಎಲ್ಲ ಕಟ್ಟಿದ ಕಂಪನಿಯವರ ಬಣ್ಣದ ಪುಸ್ತಿಕೆಯಲ್ಲೇ ಇದೆ, ನೀವೂ ನೋಡಿರುತ್ತೀರಿ. ಈ ನಲವತ್ತೆರಡು ಹೆಜ್ಜೆ ಅದರಲ್ಲಿಲ್ಲ. ಅದಕ್ಕೇ ಬರೆಯಲು ಕೂತೆ.

ಜಾಗದ ಹೆಸರು ಹೇಳುವುದಿಲ್ಲ. ಸುಂಟಿಕೊಪ್ಪ ದಾಟಿ ಮಡಿಕೇರಿ ಕಡೆಗೆ ಹೋಗುವಾಗ ಒಳರಸ್ತೆಯಲ್ಲಿ ಸಿಗುತ್ತದೆ, ಅಷ್ಟು ಸಾಕು. 55 ದಾಟಿದವರಿಗೆ ಮಾತ್ರ. ಮೂರು ಬ್ಲಾಕು, ನಡುವೆ ಊಟದ ಹಾಲ್, ಸುತ್ತ ಸಿಲ್ವರ್ ಓಕ್ ನೆರಳಿನ ಕಾಫಿ ತೋಟ. ನಾನು ಹೈಸ್ಕೂಲು ಟೀಚರ್ ಆಗಿ ನಿವೃತ್ತಳಾದವಳು, ವಯಸ್ಸು 67. ಅವರಿಗೆ 72. ಶನಿವಾರಸಂತೆ ಹತ್ತಿರದ ಮನೆ ನೋಡಿಕೊಳ್ಳಲು ಆಗದೆ, ಎರಡೂವರೆ ಎಕರೆ ತೋಟ ಮಾರಿದ ದುಡ್ಡು ಬ್ಯಾಂಕಿನಲ್ಲಿತ್ತು. ಅತ್ತೆಯವರು ಕೈಯಾರೆ ನೆಟ್ಟ ಕಿತ್ತಳೆ ಗಿಡಗಳಿದ್ದ ತೋಟ ಅದು. ಆ ದುಡ್ಡು ತಪ್ಪು ಕಡೆ ಹೋಗಬಾರದು ಎಂಬ ಹೆದರಿಕೆ ನನಗೆ ಮೊದಲಿನಿಂದಲೂ ಇತ್ತು. ಅದಕ್ಕೇ ಮಗಳು, "ಅಮ್ಮ, ಮೊದಲು ಬಾಡಿಗೆಗೆ ಇದ್ದು ನೋಡಿ, ಆಮೇಲೆ ತಗೊಳ್ಳಿ" ಎಂದಳು. 2024ರ ನವೆಂಬರಿನಲ್ಲಿ ಹನ್ನೊಂದು ತಿಂಗಳ ಕರಾರು ಮಾಡಿಕೊಂಡು ಬಂದೆವು. ಈಗ ಎರಡನೇ ಕರಾರು ನಡೆಯುತ್ತಿದೆ.

ನವೆಂಬರಿನಿಂದ ಮೇ ತನಕ ನನಗೆ ಯಾವ ದೂರೂ ಇರಲಿಲ್ಲ, ಇದನ್ನು ಮನಸಾರೆ ಹೇಳುತ್ತೇನೆ. ಬೆಳಿಗ್ಗೆ ಐದೂಮುಕ್ಕಾಲಿಗೆ ಎದ್ದು ನಮ್ಮದೇ ಸಣ್ಣ ಅಡುಗೆಕಟ್ಟೆಯಲ್ಲಿ ಬೆಲ್ಲದ ಕಾಫಿ ಮಾಡುತ್ತೇನೆ. ಹಾಲಿಲ್ಲ, ಬರೀ ಕರಿ ಕಾಫಿ, ಅಚ್ಚುಬೆಲ್ಲದ ಒಂದು ತುಣುಕು. ಅವರು ಬಾಲ್ಕನಿಯಲ್ಲಿ ಶಾಲು ಹೊದ್ದು ಕೂತು ಕುಡಿಯುತ್ತಾರೆ. ಅದು ಮುಗಿಯುವ ಹೊತ್ತಿಗೆ ಎ ಬ್ಲಾಕಿನ ಹಿರಿಯರೊಬ್ಬರು ಹುಲ್ಲಿನ ಮೇಲೆ ನಡೆದು ಬರುವುದು ಕಾಣುತ್ತದೆ. ಎಂಬತ್ತೊಂದು ವರ್ಷ, ಜೀವಮಾನವೆಲ್ಲ ತೋಟ ಮಾಡಿದವರು. ನಾವೆಲ್ಲ 'ತೋಟದ ಸಾರ್' ಎನ್ನುತ್ತೇವೆ. ತಾವೇ ತಂದು ನಿಲ್ಲಿಸಿದ ರೈನ್ ಗೇಜಿನ ಡಬ್ಬಿ ತೆಗೆದು, ನೀರನ್ನು ಗಾಜಿನ ಅಳತೆ ಲೋಟಕ್ಕೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡುತ್ತಾರೆ. ಒಂದು ಹನಿಯೂ ಬೀಳದ ಜನವರಿಯಲ್ಲೂ ನೋಡುತ್ತಾರೆ. ಜೇಬಿನ ಪುಸ್ತಕದಲ್ಲಿ ಬರೆದುಕೊಂಡು ನೇರ ಡೈನಿಂಗ್ ಹಾಲಿಗೆ ಹೋಗಿ ಅಲ್ಲಿನ ಕರಿಹಲಗೆ ಮೇಲೆ ಬರೆಯುತ್ತಾರೆ. ಮಿಲಿಮೀಟರ್ ಅಲ್ಲ, ತೋಟದವರ ಲೆಕ್ಕ: ಇಂಚು, ಸೆಂಟು. ನೂರು ಸೆಂಟಿಗೆ ಒಂದು ಇಂಚು.

ಮಾರ್ಚಿನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಮರುದಿನ ಹಲಗೆ ಮೇಲೆ "1 ಇಂಚು 10 ಸೆಂಟ್" ಅಂತ ಬರೆದಿದ್ದರು. ತಿಂಡಿಗೆ ಬಂದವರೆಲ್ಲ ಅದರ ಮುಂದೆ ನಿಂತರು. ಒಬ್ಬರು ಊರಿಗೆ ಫೋನು ಮಾಡಿ, "ನಿಮ್ಮಲ್ಲಿ ಎಷ್ಟು?" ಎಂದು ಕೇಳಿದರು. ಇನ್ನೊಬ್ಬರು, "ನಮ್ಮ ಕಡೆ ಎಪ್ಪತ್ತೇ ಸೆಂಟಂತೆ, ಸಾಲದು" ಎಂದು ಮುಖ ಸಣ್ಣ ಮಾಡಿದರು. ತೋಟ ಮಾರಿ ಬಂದವರೇ ಹೆಚ್ಚು ಇಲ್ಲಿ. ಆದರೂ ಯಾರ ತೋಟಕ್ಕೆ ಎಷ್ಟು ಬಿತ್ತು ಎನ್ನುವ ಮಾತು ಇಡ್ಲಿ ಆರುವ ತನಕ ನಡೆಯಿತು. ಒಂದು ವಾರ ಕಳೆದು ಸುತ್ತಲಿನ ರೋಬಸ್ಟಾ ಬೆಳ್ಳಗೆ ಅರಳಿ ಆ ಮಲ್ಲಿಗೆಯಂಥ ವಾಸನೆ ಕಾರಿಡಾರಿಗೆಲ್ಲ ಬಂದಾಗ, ಇವರು ನನ್ನ ಕಡೆ ತಿರುಗಿ, "ತಗೊಂಡು ಬಿಡೋಣ ಕಣೇ" ಎಂದರು. ನಾನೂ ಹೂಂ ಎಂದಿದ್ದೆ. ಏಪ್ರಿಲಿನಲ್ಲಿ ಸಹಿ ಹಾಕಿಬಿಟ್ಟಿದ್ದರೆ ಈ ಬರಹ ಬೇರೆ ಥರ ಇರುತ್ತಿತ್ತು.

ಜೂನ್ ಬಂತು.

ಕೊಡಗಿನ ಮಳೆ ಕೊಡಗಿನವಳಾದ ನನಗೆ ಹೊಸದಲ್ಲ. ಆದರೆ ಸ್ವಂತ ಮನೆಯಲ್ಲಿ ಮಳೆಗೆ ಹೆದರಬೇಕಾಗಿರಲಿಲ್ಲ. ಅಡುಗೆ ಮನೆ, ಊಟದ ಜಾಗ, ಮಲಗುವ ಕೋಣೆ ಎಲ್ಲ ಒಂದೇ ಸೂರಿನಡಿ. ಇಲ್ಲಿ ಮೂರು ಹೊತ್ತು ಊಟಕ್ಕೆ ಆ ನಲವತ್ತೆರಡು ಹೆಜ್ಜೆ. ಗಾಳಿ ಜೊತೆ ಅಡ್ಡ ಹೊಡೆಯುವ ಮಳೆಗೆ ಕೊಡೆ ಯಾವ ಲೆಕ್ಕ? ದಾರಿಗೆ ಹಾಕಿದ ಕಲ್ಲು ಚೆನ್ನಾದದ್ದೇ, ಆದರೆ ಜುಲೈ ಮೊದಲ ವಾರಕ್ಕೆ ಪಾಚಿ ಕಟ್ಟಿತು. ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಕೋಲು ಹಿಡಿದವರು ಪಕ್ಕದ ಕಂಬಿ ಯಾವ ಕೈಯಿಂದ ಹಿಡಿಯಬೇಕು?

ಮೊದಲು ಬರುವುದನ್ನು ಬಿಟ್ಟವರು ನಮ್ಮ ಎದುರು ಫ್ಲಾಟಿನ ಅಕ್ಕ. ಒಬ್ಬರೇ ಇರುವವರು, 78 ವರ್ಷ. ಒಂದು ರಾತ್ರಿ ಕಾಲು ಜಾರಿತು. ಬೀಳಲಿಲ್ಲ, ಕಂಬಿ ಸಿಕ್ಕಿತು. ಮರುದಿನದಿಂದ ಕ್ಯಾರಿಯರ್ ರೂಮಿಗೇ ತರಿಸಿದರು. ಒಂದು ಕ್ಯಾರಿಯರ್ ತಂದುಕೊಡಲು ಮೂವತ್ತು ರೂಪಾಯಿ ಹೆಚ್ಚಿಗೆ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಹಾಗೇ. ಇಪ್ಪತ್ತಾರು ಇಪ್ಪತ್ತೇಳು ಜನ ಕೂರುತ್ತಿದ್ದ ಹಾಲಿನಲ್ಲಿ ಜುಲೈ ಕೊನೆಗೆ ಆರೋ ಏಳೋ ಜನ. ತೋಟದ ಸಾರ್ ಮಾತ್ರ ರೇನ್‌ಕೋಟು, ಗಂಬೂಟು ಹಾಕಿಕೊಂಡು ಬಂದು ಹಲಗೆ ಮೇಲೆ ಬರೆಯುವುದು ಬಿಡಲಿಲ್ಲ. ಒಂದು ಬೆಳಿಗ್ಗೆ "5 ಇಂಚು 60 ಸೆಂಟ್" ಇತ್ತು. ಓದಲು ನಾವಿಬ್ಬರು ಮತ್ತು ಬಡಿಸುವ ಹುಡುಗ.

ನನಗೆ ಸಿಟ್ಟು ಬಂದದ್ದು ಇಲ್ಲಿ. ನಾವು ದುಡ್ಡು ಕೊಡುತ್ತಿರುವುದು ನಾಲ್ಕು ಗೋಡೆಗಲ್ಲ. ಗೋಡೆ ನಮ್ಮ ಊರಿನಲ್ಲೇ ಇತ್ತು. ನಾಲ್ಕು ಜನರ ಜೊತೆ ಕೂತು ಉಣ್ಣಲಿಕ್ಕೆ, ಬೆಳಿಗ್ಗೆ ಬರದಿದ್ದರೆ "ಯಾಕೆ ಬರಲಿಲ್ಲ" ಎಂದು ಯಾರಾದರೂ ಬಾಗಿಲು ತಟ್ಟಲಿಕ್ಕೆ ಕೊಡುತ್ತಿದ್ದೇವೆ. ಒಂದು ತಗಡಿನ ಸೂರಿಲ್ಲದ ಕಾರಣಕ್ಕೆ ವರ್ಷದಲ್ಲಿ ಮೂರು ನಾಲ್ಕು ತಿಂಗಳು ಅದೇ ಇಲ್ಲವಾಗುತ್ತದೆ. ಎದುರು ಫ್ಲಾಟಿನ ಅಕ್ಕ ಒಂದು ಸಲ ನನಗೆ ಬಾಗಿಲು ತೆರೆದಾಗ, ಮೂರು ದಿನದಿಂದ ಟೀವಿ ಬಿಟ್ಟು ಬೇರೆ ದನಿ ಕೇಳಿಲ್ಲ ಎಂದರು. ಆಮೇಲೆ ದಿನಾ ಸಂಜೆ ನಾಲ್ಕಕ್ಕೆ ಅವರಲ್ಲಿಗೇ ಕಾಫಿ ತೆಗೆದುಕೊಂಡು ಹೋಗತೊಡಗಿದೆ.

ಉಳಿದ ಮಳೆಗಾಲದ ಕಷ್ಟಗಳನ್ನು ಬೇಗ ಹೇಳಿಬಿಡುತ್ತೇನೆ. ಕರೆಂಟು ಹೋದರೆ ಜನರೇಟರ್ ಇದೆ, ಲಿಫ್ಟು ನಿಂತಿಲ್ಲ. ಬಟ್ಟೆ ಒಣಗುವುದಿಲ್ಲ. ಬೀರುವಿನೊಳಗೆ ಬೂಷ್ಟು ಹಿಡಿಯುತ್ತದೆ. ರೇಷ್ಮೆ ಸೀರೆಗೆ ಬೇಕು ಎಂದು ಬೀರುವಿನ ತಳದಲ್ಲಿ ಹಳೇ ಕಾಲದ ನಲವತ್ತು ವ್ಯಾಟಿನ ಬಲ್ಬು ಉರಿಸಿಡುತ್ತಿದ್ದೆ, ಬಟ್ಟೆಗೆ ತಾಗದ ಹಾಗೆ. ಇದು ಕೊಡಗಿನಲ್ಲಿ ಯಾವ ಮನೆಗೂ ತಪ್ಪಿದ್ದಲ್ಲ. ಇದಕ್ಕೆ ಕಂಪನಿಯವರನ್ನು ದೂರುವುದಿಲ್ಲ.

ಆಗಸ್ಟ್ 3 ಬಂತು. ಕಕ್ಕಡ ಹದಿನೆಂಟು, ಅಂದರೆ ನಮ್ಮ ಕೊಡಗಿನ ಕಕ್ಕಡ ತಿಂಗಳ ಹದಿನೆಂಟನೇ ದಿನ. ಅಂದು ಮದ್ದುಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಿ ಕೂಡಿರುತ್ತದೆ ಎಂದು ನಮ್ಮಲ್ಲಿ ನಂಬಿಕೆ. ಅಡುಗೆ ಭಟ್ಟರು ಹೊರ ಜಿಲ್ಲೆಯವರು, ಅವರಿಗೆ ಅದರ ಗಂಧವೇ ಗೊತ್ತಿಲ್ಲ. ಬೆಳಿಗ್ಗೆ ನಮ್ಮ ಬ್ಲಾಕಿನ ನಾಲ್ಕು ಹೆಂಗಸರು ಕೊಡೆ ಹಿಡಿದು ಅಡುಗೆ ಮನೆಗೆ ನುಗ್ಗಿದೆವು. ತೋಟದ ಅಂಚಿನಿಂದ ಕೆಲಸದ ಹುಡುಗಿ ತಂದ ಸೊಪ್ಪನ್ನು ಕಡ್ಡಿ ಸಮೇತ ತೊಳೆದು, ದೊಡ್ಡ ಪಾತ್ರೆಯಲ್ಲಿ ಕುದಿಯಲು ಇಟ್ಟೆವು. ನೀರು ಮೊದಲು ಮಸುಕಾಗಿ, ನೋಡನೋಡುತ್ತ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿದಾಗ ಭಟ್ಟರು ಸೌಟು ಹಿಡಿದು ಹಾಗೇ ನಿಂತುಬಿಟ್ಟರು. ಸೋಸಿದ ನೀರಿನಲ್ಲಿ ಅಕ್ಕಿ ಬೇಯಿಸಿ, ಬೆಲ್ಲ, ಕಾಯಿಹಾಲು ಹಾಕಿ ಪಾಯಸ ಮಾಡಿದೆವು. ಮೇಲೆ ತುಪ್ಪ, ಜೇನು.

ಅಂದು ಮಧ್ಯಾಹ್ನ ಒಬ್ಬರೂ ಕ್ಯಾರಿಯರ್ ಕೇಳಲಿಲ್ಲ. ಸೆಕ್ಯೂರಿಟಿ ಹುಡುಗರಿಬ್ಬರು ದೊಡ್ಡ ತೋಟದ ಕೊಡೆ ಹಿಡಿದು ಒಬ್ಬೊಬ್ಬರನ್ನೇ ದಾಟಿಸಿದರು. ಎದುರು ಫ್ಲಾಟಿನ ಅಕ್ಕನೂ ಬಂದರು, ನನ್ನ ತೋಳು ಹಿಡಿದುಕೊಂಡು, ನಲವತ್ತೆರಡು ಹೆಜ್ಜೆಗೆ ಆರು ನಿಮಿಷ. ಕೂತ ಮೇಲೆ ಒಂದು ತುತ್ತು ಬಾಯಿಗಿಟ್ಟು, "ನಮ್ಮಮ್ಮ ಮಾಡಿದ ಹಾಗೇ ಇದೆ" ಎಂದರು, ಕಣ್ಣು ಒರೆಸಿಕೊಂಡರು. ಹಾಲಿನ ಗಲಾಟೆಯಲ್ಲಿ ಮಳೆ ಸದ್ದೇ ಕೇಳಲಿಲ್ಲ. ಇಷ್ಟು ದಿನ ಎಲ್ಲರನ್ನೂ ಒಳಗೇ ಕೂರಿಸಿದ್ದು ಮನಸ್ಸಿನ ಸೋಮಾರಿತನ ಅಲ್ಲವೇ ಅಲ್ಲ, ಆ ದಾರಿಯೇ ಎಂದು ಅವತ್ತು ನನಗೆ ಖಚಿತವಾಯಿತು. ಆ ಸಂಜೆಯೇ ಮ್ಯಾನೇಜರಿಗೆ ಸೂರು ಬೇಕೆಂದು ಅರ್ಜಿ ಬರೆದೆ. ಮೂವತ್ತೊಂದು ಜನ ಸಹಿ ಹಾಕಿದರು.

ಈಗ ದುಡ್ಡಿನ ವಿಷಯ. ನಮಗೆ ಹೇಳಿದ ಬೆಲೆ ಒಂದು ಬೆಡ್‌ರೂಮಿನ ಫ್ಲಾಟಿಗೆ 58 ಲಕ್ಷ. ಈಗ ಕೊಡುವ ಬಾಡಿಗೆ ತಿಂಗಳಿಗೆ 16,000. ಊಟ, ಸ್ವಚ್ಛತೆ, ನರ್ಸು ಎಲ್ಲ ಸೇರಿ ಇಬ್ಬರಿಗೆ ಸೇವಾ ಶುಲ್ಕ 27,000. ಕೊಂಡರೆ ಬಾಡಿಗೆ ಉಳಿಯುತ್ತದೆ, ಸೇವಾ ಶುಲ್ಕ ಉಳಿಯುವುದಿಲ್ಲ. ಎಷ್ಟೋ ಜನ ಇದನ್ನೇ ಮರೆಯುತ್ತಾರೆ. ಅದೇ 58 ಲಕ್ಷವನ್ನು ನಾವಿಬ್ಬರೂ ನಮ್ಮ ನಮ್ಮ ಹೆಸರಿನಲ್ಲಿ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಇಟ್ಟರೆ (ಒಬ್ಬರಿಗೆ 30 ಲಕ್ಷದ ತನಕ ಇಡಬಹುದು, ಬಡ್ಡಿ 8.2%) ತಿಂಗಳಿಗೆ 39,600 ರೂಪಾಯಿ ಲೆಕ್ಕಕ್ಕೆ ಬರುತ್ತದೆ. ಕೈಗೆ ಸಿಗುವುದು ಮೂರು ತಿಂಗಳಿಗೊಮ್ಮೆ, ತೆರಿಗೆ ಬೇರೆ. ಆದರೂ ಬಾಡಿಗೆ ಕಟ್ಟಿ ಮಿಗುತ್ತದೆ, ಅಸಲೂ ನಮ್ಮದೇ.

ಸೇವಾ ಶುಲ್ಕ ವರ್ಷಕ್ಕೆ 8% ಏರುತ್ತದೆ ಎಂದು ಒಪ್ಪಂದದಲ್ಲಿದೆ. ಕೂಡಿ ನೋಡಿದೆ: ಇವತ್ತಿನ 27 ಸಾವಿರ ಹತ್ತು ವರ್ಷಕ್ಕೆ 58 ಸಾವಿರ ದಾಟುತ್ತದೆ. ಆಗ ಇವರಿಗೆ 82. ನನ್ನ ಪಿಂಚಣಿ ಆ ವೇಗದಲ್ಲಿ ಓಡುವುದಿಲ್ಲ.

ಅದಕ್ಕಿಂತ ನನ್ನನ್ನು ಯೋಚನೆಗೆ ಹಚ್ಚಿದ್ದು ಹದಿನೇಳನೇ ಪುಟದ ಷರತ್ತು. ನಮ್ಮ ನಂತರ ಫ್ಲಾಟು ಮಗಳ ಹೆಸರಿಗೆ ಹೋಗುತ್ತದೆ, ಆದರೆ 55 ಆಗುವ ತನಕ ಅವಳು ಇಲ್ಲಿ ವಾಸ ಮಾಡುವಂತಿಲ್ಲ. ಮಾರಬೇಕಾದರೆ ಮೊದಲು ಕಂಪನಿಗೇ ಕೇಳಬೇಕು, ಮಾರಿದ ಬೆಲೆಯಲ್ಲಿ 5% ವರ್ಗಾವಣೆ ಶುಲ್ಕ ಕೊಡಬೇಕು. ಮಾರುವ ತನಕ ಖಾಲಿ ಫ್ಲಾಟಿಗೂ ಶುಲ್ಕದ ಒಂದು ಭಾಗ ಕಟ್ಟುತ್ತಿರಬೇಕು. 55 ದಾಟಿದ, ಕೊಡಗಿನ ಮಳೆಗೆ ಹೆದರದ, ಕೈಯಲ್ಲಿ ಅಷ್ಟು ದುಡ್ಡಿರುವವರನ್ನು ಹುಡುಕುವುದು ಬೆಂಗಳೂರಿನಲ್ಲಿ ಕೆಲಸ ಮಾಡುವ ಮಗಳಿಗೆ ಎಷ್ಟು ಕಷ್ಟ ಆಗಬಹುದು ಯೋಚಿಸಿ.

ಎರಡನೇ ಹಂತ ಕಟ್ಟುತ್ತಿದ್ದಾರೆ, ಬೆಲೆ ಕಡಿಮೆ ಇದೆ ಎಂದು ಮಾರಾಟದ ಹುಡುಗ ಮೂರು ಸಲ ಬಂದ. ಒಳ್ಳೇ ಹುಡುಗ, "ಆಂಟಿ, ಈ ತಿಂಗಳು ಮಾತ್ರ ಈ ರೇಟು" ಎನ್ನುತ್ತಾನೆ. ಒಪ್ಪಂದ ನೋಂದಣಿಗೆ ಮೊದಲೇ 20% ಕಟ್ಟಿ ಎಂದ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ ಪ್ರಕಾರ ನೋಂದಾಯಿತ ಕರಾರು ಆಗುವ ಮೊದಲು 10%ಗಿಂತ ಹೆಚ್ಚು ತೆಗೆದುಕೊಳ್ಳುವ ಹಾಗಿಲ್ಲ. ಅದನ್ನು ಹೇಳಿದ ಮೇಲೆ ನಾಲ್ಕನೇ ಸಲ ಬರಲಿಲ್ಲ. ಕಟ್ಟುತ್ತಿರುವ ಫ್ಲಾಟಿಗೆ 5% ಜಿಎಸ್‌ಟಿ ಬೇರೆ ಇದೆ. ಪೂರ್ಣಗೊಂಡ ಪ್ರಮಾಣಪತ್ರ ಸಿಕ್ಕ ಮೇಲೆ ಕೊಂಡರೆ ಅದಿಲ್ಲ. ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ಸ್ವಾಧೀನ ಕೊಟ್ಟ ಐದು ವರ್ಷದ ತನಕ ಅವರ ಖರ್ಚಿನಲ್ಲೇ ಸರಿ ಮಾಡಿಸಬಹುದು. 2019ರಲ್ಲಿ ಕೇಂದ್ರ ಸರ್ಕಾರ ನಿವೃತ್ತರ ಮನೆಗಳಿಗೆ ಮಾದರಿ ಮಾರ್ಗಸೂಚಿ ಹೊರಡಿಸಿದೆ. ಕಟ್ಟಿದವರು, ಸೇವೆ ಕೊಡುವವರು, ಕೊಳ್ಳುವವರು ಮೂವರೂ ಸಹಿ ಹಾಕುವ ಒಪ್ಪಂದದ ಮಾತು ಅದರಲ್ಲಿದೆ. ಇಲ್ಲಿ ಊಟ, ನರ್ಸು ನೋಡಿಕೊಳ್ಳುವುದು ಬೇರೆಯೇ ಸಂಸ್ಥೆ, ಆದರೆ ನಮಗೆ ತೋರಿಸಿದ ಕಾಗದದಲ್ಲಿ ಅವರ ಸಹಿಗೆ ಜಾಗವೇ ಇರಲಿಲ್ಲ. ನಾಳೆ ಅವರು ಬಿಟ್ಟು ಹೋದರೆ ಗಂಜಿ ಕೊಡುವವರು ಯಾರು?

ಕೊಡಗಿನಲ್ಲಿ ಕೊಳ್ಳುವವರು ಇನ್ನೆರಡು ಕೇಳಬೇಕು. ಜಾಗ ಜಮ್ಮಾ ಬಾಣೆಯೋ (ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದ ಕೊಡಗಿನ ಹಳೇ ಬಗೆಯ ಜಮೀನು), ಆರ್‌ಟಿಸಿಯಲ್ಲಿ, ಅಂದರೆ ಪಹಣಿಯಲ್ಲಿ, ಎಷ್ಟು ಜನರ ಹೆಸರಿದೆ, ಭೂ ಪರಿವರ್ತನೆ ಆಗಿದೆಯೋ ಎಂದು ನಿಮ್ಮದೇ ವಕೀಲರಿಂದ ನೋಡಿಸಿ. ಎರಡನೆಯದು ಬರೆ, ಅಂದರೆ ಗುಡ್ಡದ ಕಡಿದಾದ ಬದಿ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಹಟ್ಟಿಹೊಳೆ ಕಡೆ ಗುಡ್ಡ ಜಾರಿದ್ದನ್ನು ನಾವು ಕಣ್ಣಾರೆ ನೋಡಿದವರು. ಗುಡ್ಡ ಕಡಿದು ಮಟ್ಟ ಮಾಡಿದ ಜಾಗದಲ್ಲಿ ಕಟ್ಟಡದ ಹಿಂದೆ ಹೋಗಿ ನಿಲ್ಲಿ, ತಡೆಗೋಡೆಯಿಂದ ನೀರು ಹೊರಬರಲು ಕೊಳವೆ ಇದೆಯೇ, ಮಳೆಗಾಲದಲ್ಲಿ ಅದರಿಂದ ನೀರು ಬರುತ್ತಿದೆಯೇ ನೋಡಿ. ನಮ್ಮ ಬ್ಲಾಕಿನ ಹಿಂದೆ ಬರುತ್ತಿದೆ, ಮಣ್ಣಿಲ್ಲದ ತಿಳಿನೀರು. ಇದಕ್ಕೆ ಪೂರ್ತಿ ಅಂಕ ಕೊಡುತ್ತೇನೆ.

ಆಸ್ಪತ್ರೆ ಬಗ್ಗೆ: ಮಡಿಕೇರಿಯಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಇದೆ. ದೊಡ್ಡ ಕಾಯಿಲೆಗೆ ಮೈಸೂರೇ ಗತಿ, ನೂರು ಕಿಲೋಮೀಟರಿನ ಮೇಲೆ, ರೈಲಿಲ್ಲ. ಇಲ್ಲಿನ ನರ್ಸು ಮಾತ್ರ ಚಿನ್ನದಂಥ ಹುಡುಗಿ. ರಾತ್ರಿ ಎರಡಕ್ಕೆ ಗಂಟೆ ಒತ್ತಿದಾಗ ನಾಲ್ಕು ನಿಮಿಷದಲ್ಲಿ ಬಂದಿದ್ದಳು, ತಲೆಯೆಲ್ಲ ನೆಂದು.

ಬಂದು ನೋಡುವವರಿಗೆ ಒಂದೇ ಕೋರಿಕೆ: ಡಿಸೆಂಬರಿನಲ್ಲಿ ಬರಬೇಡಿ. ಡಿಸೆಂಬರಿನಲ್ಲಿ ಕೊಡಗಿನ ಯಾವ ಮೂಲೆಯೂ ಚೆಂದ. ಜುಲೈ ಕೊನೆಯಲ್ಲಿ ಬಂದು ಮೂರು ರಾತ್ರಿ ಇರಿ. ಊಟದ ಹೊತ್ತಿಗೆ ಹಾಲಿನಲ್ಲಿ ಎಷ್ಟು ಜನ ಇದ್ದಾರೆ ಎಣಿಸಿ. ಮಳೆಯ ಬಗ್ಗೆ ತೀರಾ ಹೆದರಿಕೆ ಇದ್ದವರು ಕುಶಾಲನಗರದ ಬದಿ ನೋಡಬಹುದು, ಮಡಿಕೇರಿಯ ಅರ್ಧದಷ್ಟೂ ಮಳೆ ಅಲ್ಲಿಲ್ಲ.

ನಾವು ಸದ್ಯ ಕೊಳ್ಳುತ್ತಿಲ್ಲ. ಬಿಟ್ಟೂ ಹೋಗುತ್ತಿಲ್ಲ. ಇವರಿಗೆ ಈಗಲೂ ಕೊಳ್ಳುವ ಮನಸ್ಸಿದೆ, ಬಾಡಿಗೆ ಮನೆಯಲ್ಲಿ ಸಾಯಬಾರದು ಎಂಬ ಹಟ. ಅದನ್ನು ನಾನು ಹಗುರ ಮಾಡುವುದಿಲ್ಲ. ಸೂರು ಬಂದು, ಮೂರು ಸಹಿಯ ಒಪ್ಪಂದ ಕೊಟ್ಟು, 8% ಅನ್ನು ಸ್ವಲ್ಪ ಇಳಿಸಿದರೆ ನೆಲಮಹಡಿಯ, ಹಾಲಿಗೆ ಹತ್ತಿರದ ಫ್ಲಾಟನ್ನು ತೆಗೆದುಕೊಳ್ಳೋಣ ಎಂದು ಒಪ್ಪಿದ್ದೇನೆ.

ನಮ್ಮ ಅರ್ಜಿಗೆ ಫೆಬ್ರವರಿಯಲ್ಲಿ ಉತ್ತರ ಬಂತು, ಮೇ ಒಳಗೆ ಸೂರು ಹಾಕಿಸುತ್ತೇವೆ ಎಂದು. ಹೋದ ವಾರ ದಾರಿಯ ಎರಡೂ ಬದಿಗೆ ಕಬ್ಬಿಣದ ಕಂಬ ನೆಟ್ಟರು, ಒಟ್ಟು ಹದಿನಾಲ್ಕು. ಶೀಟು ಇನ್ನೂ ಬಂದಿಲ್ಲ. ಎದುರು ಫ್ಲಾಟಿನ ಅಕ್ಕ ದಿನಾ ಸಂಜೆ ಕಾಫಿ ಲೋಟ ಹಿಡಿದು ಕಿಟಕಿಯಿಂದ ಕಂಬ ಎಣಿಸುತ್ತಾರೆ. ಮಳೆಗೆ ಇನ್ನು ಐದು ವಾರ ಇದೆ.