ಸುಲ್ತಾನ, ಎಮು, ಸೈನಿಕ, ನಾಯಿ: ಯಾವ ಕಥೆ ಎಲ್ಲಿ ನಿಂತಿತು

ಕರೆಂಟು ಹೋದಾಗ, ಊಟದ ಡಬ್ಬಿ ಬಿಚ್ಚಿದಾಗ, ರೈಲು ಕ್ರಾಸಿಂಗಿಗೆಂದು ನಿಂತುಬಿಟ್ಟಾಗ ಹೇಳಲೆಂದು ನಾಲ್ಕು ಕಥೆಗಳನ್ನು ಇಟ್ಟುಕೊಂಡಿದ್ದೇನೆ. ನಾಲ್ಕೂ ನಡೆದವು, ನಾಲ್ಕಕ್ಕೂ ಯುದ್ಧದ ನಂಟಿದೆ. ಬೇಸಿಗೆ ರಜೆಗೆ ತಂಗಿಯ ಮಕ್ಕಳಿಬ್ಬರು ಬಂದಿದ್ದಾಗ ರಾತ್ರಿಗೊಂದರಂತೆ ಹೇಳಿದೆ. ಅದೇ ವಾರ ಕಚೇರಿಯ ಊಟದ ಮೇಜಿನಲ್ಲೂ ಅವನ್ನೇ ಬಡಿಸಿದೆ. ಮೂರನೆಯ ಪರೀಕ್ಷಕರು ಅಪ್ಪ. ಮೂವತ್ತು ವರ್ಷ ಬ್ಯಾಂಕಿನಲ್ಲಿ ಲೆಕ್ಕ ತಾಳೆ ನೋಡಿದವರು, ಕಥೆಗೂ ವೋಚರ್ ಕೇಳುತ್ತಾರೆ. ಕೇಳಿದಾಕ್ಷಣ ಎಲ್ಲರೂ ‘ಹೌದಾ!’ ಎನ್ನುತ್ತಾರೆ, ಅದಕ್ಕೆ ನಾನು ಅಂಕ ಕೊಡುವುದಿಲ್ಲ. ಆಮೇಲೆ ಏನು ಕೇಳುತ್ತಾರೆ ಎನ್ನುವುದಕ್ಕೆ ಕೊಡುತ್ತೇನೆ.

ಪೂರ್ವ ಆಫ್ರಿಕಾದ ಕರಾವಳಿಯಲ್ಲಿ, ಆಗ ಬ್ರಿಟಿಷರ ಹಿಡಿತದಲ್ಲಿದ್ದ ಜಾಂಜಿಬಾರ್ ದ್ವೀಪದ ಕಥೆ ಅತಿ ಚಿಕ್ಕದು. 1896ರ ಆಗಸ್ಟ್ 25ರಂದು ಅಲ್ಲಿನ ಸುಲ್ತಾನ ತೀರಿಕೊಂಡ. ಬ್ರಿಟಿಷರ ಒಪ್ಪಿಗೆಗೆ ಕಾಯದೆ ಅವನ ದಾಯಾದಿ ಖಾಲಿದ್ ಬಿನ್ ಬರ್ಘಶ್ ಅರಮನೆ ಹಿಡಿದು ಕುಳಿತ. 27ರ ಬೆಳಿಗ್ಗೆ ಒಂಬತ್ತರೊಳಗೆ ಹೊರಡು ಎಂದರು, ಹೊರಡಲಿಲ್ಲ. ಒಂಬತ್ತಾಗಿ ಎರಡು ನಿಮಿಷಕ್ಕೆ ಹಡಗಿನ ತೋಪುಗಳು ಹಾರಿದವು, ಸುಮಾರು 38 ನಿಮಿಷಕ್ಕೆ ಯುದ್ಧ ಮುಗಿಯಿತು. ಕಚೇರಿಯಲ್ಲಿ ಎಲ್ಲರೂ ನಕ್ಕು ಮತ್ತೆ ಉಪ್ಪಿನಕಾಯಿಯ ಕಡೆ ತಿರುಗಿದರು. ಅಪ್ಪ ಮಾತ್ರ ‘ಎಷ್ಟು ಜನ ಸತ್ತರು?’ ಎಂದರು. ಅರಮನೆಯ ಕಡೆ ಸತ್ತವರು, ಗಾಯಗೊಂಡವರು ಸೇರಿ ಐನೂರರಷ್ಟು. ಬ್ರಿಟಿಷರ ಕಡೆ ಒಬ್ಬ ನಾವಿಕನಿಗೆ ಗಾಯ. ಆ ಸಂಖ್ಯೆ ಬಿದ್ದ ಮೇಲೆ ನಗು ಮುಂದುವರಿಯುವುದಿಲ್ಲ, ಕಥೆಯೂ ಮುಂದುವರಿಯುವುದಿಲ್ಲ. ಬಸ್ಸು ಹೊರಡಲು ಎರಡು ನಿಮಿಷ ಇದ್ದಾಗ ಮಾತ್ರ ಇದು ಸಾಕು.

ಎಮು ಎಂಬ ಹಾರಲಾರದ ದೊಡ್ಡ ಹಕ್ಕಿಯ ಕಥೆ ಹಾಗಲ್ಲ. ನಗು ಖಚಿತ, ಆದರೆ ಎಲ್ಲರೂ ಹೇಳುವಂತೆ ಹೇಳಿದರೆ ಅರ್ಧ ಸುಳ್ಳು. ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕರಿಗೆ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಜಮೀನು ಕೊಟ್ಟು ಗೋಧಿ ಬೆಳೆಯಲು ಕೂರಿಸಿದ್ದರು. 1932ರ ಹೊತ್ತಿಗೆ ಗೋಧಿಯ ಬೆಲೆ ನೆಲ ಕಚ್ಚಿತ್ತು. ಅದೇ ಸಮಯಕ್ಕೆ ಕ್ಯಾಂಪಿಯನ್ ಸೀಮೆಯ ಹೊಲಗಳಿಗೆ 20,000ದಷ್ಟು ಎಮುಗಳು ನುಗ್ಗಿದವು. ಹಳೆಯ ಸೈನಿಕರು ಹೋಗಿ ಕೇಳಿದ್ದು ಕೃಷಿ ಇಲಾಖೆಯನ್ನಲ್ಲ, ರಕ್ಷಣಾ ಮಂತ್ರಿಯನ್ನು. ಕೇಳಿದ್ದು ಮೆಷಿನ್ ಗನ್. ನವೆಂಬರಿನಲ್ಲಿ ಮೇಜರ್ ಮೆರೆಡಿತ್ ಎರಡು ಲೂಯಿಸ್ ಗನ್, ಹತ್ತು ಸಾವಿರ ಗುಂಡುಗಳೊಂದಿಗೆ ಬಂದಿಳಿದ. ಒಂದು ಕಟ್ಟೆಯ ಬಳಿ ಸಾವಿರದಷ್ಟು ಹಕ್ಕಿಗಳಿಗಾಗಿ ಹೊಂಚು ಹಾಕಿದರೆ, ಹನ್ನೆರಡರಷ್ಟು ಬೀಳುವಷ್ಟರಲ್ಲಿ ಗನ್ ಕೆಟ್ಟು ನಿಂತಿತು. ಲಾರಿಗೆ ಗನ್ ಕಟ್ಟಿ ಅಟ್ಟಿದರೆ ಕುಲುಕಾಟದಲ್ಲಿ ಗುರಿಯೇ ಸಿಗಲಿಲ್ಲ. ಮೂರನೇ ಕ್ಲಾಸಿನ ಹುಡುಗ ಇಲ್ಲಿ ಹಾಸಿಗೆಯ ಮೇಲೆ ಉರುಳಾಡಿದ. ‘ಮಾಮ, ಲಾರಿಯದು ಇನ್ನೊಮ್ಮೆ’ ಎಂದು ಮೂರು ಸಲ ಹೇಳಿಸಿದ.

ಅಪ್ಪನಿಗೆ ಬೇಕಾದದ್ದು ಕೊನೆಯ ಲೆಕ್ಕ. ಎರಡನೇ ಸುತ್ತೂ ಮುಗಿದ ಮೇಲೆ ಮೆರೆಡಿತ್ ಒಪ್ಪಿಸಿದ್ದು: ಖರ್ಚಾದ ಗುಂಡು 9,860, ಸತ್ತ ಎಮು 986. ಅಪ್ಪ ಕನ್ನಡಕ ತೆಗೆದಿಟ್ಟರು. ‘ಸರಿಯಾಗಿ ಹತ್ತಕ್ಕೊಂದೇ? ಇಂಥ ಬಿಲ್ಲನ್ನು ನಾನು ಪಾಸು ಮಾಡುತ್ತಿರಲಿಲ್ಲ.’ ಎಮುಗಳೇ ಗೆದ್ದವು ಎಂದು ಕಥೆ ಮುಗಿಸುವ ಅಭ್ಯಾಸವನ್ನೂ ನಾನು ಬಿಟ್ಟಿದ್ದೇನೆ. ಹಕ್ಕಿಯೊಂದಕ್ಕೆ ಇಷ್ಟು ಎಂದು ಕೊಡುತ್ತಿದ್ದ ಬಹುಮಾನದ ಲೆಕ್ಕದಲ್ಲಿ 1934ರ ಆರೇ ತಿಂಗಳಲ್ಲಿ 57,034 ಬಹುಮಾನಗಳು ಪಾವತಿಯಾದವು. ಸೋತದ್ದು ಸೈನ್ಯ, ಎಮುಗಳು ಉಳಿದುಕೊಂಡದ್ದು ಅಷ್ಟರ ಮಟ್ಟಿಗೇ. ಇಷ್ಟಾದರೂ ರೈಲಿನಲ್ಲಿ, ಅಪರಿಚಿತರ ನಡುವೆ, ಇದರಷ್ಟು ಚೆನ್ನಾಗಿ ಓಡುವ ಕಥೆ ನನ್ನ ಬಳಿ ಬೇರೆ ಇಲ್ಲ.

ಮೂರನೆಯದನ್ನು ಹೇಳುವಾಗ ನನಗೇ ಹಿಂಜರಿಕೆ. 1944ರ ಡಿಸೆಂಬರಿನಲ್ಲಿ ಜಪಾನಿನ ಹಿರೂ ಓನೊಡಾ ಎಂಬ ಕಿರಿಯ ಅಧಿಕಾರಿಯನ್ನು ಫಿಲಿಪ್ಪೀನ್ಸಿನ ಲುಬಾಂಗ್ ದ್ವೀಪಕ್ಕೆ ಕಳಿಸಿದರು. ಶರಣಾಗಬೇಡ, ಪ್ರಾಣವನ್ನೂ ಕಳೆದುಕೊಳ್ಳಬೇಡ ಎಂಬ ಆಜ್ಞೆ. ಯುದ್ಧ ಮುಗಿಯಿತೆಂಬ ಕರಪತ್ರಗಳು ಆಕಾಶದಿಂದ ಬಿದ್ದಾಗ ಅದು ಶತ್ರುವಿನ ತಂತ್ರ ಎಂದುಕೊಂಡ. ಜೊತೆಗಿದ್ದ ಮೂವರಲ್ಲಿ ಒಬ್ಬ ಬಿಟ್ಟುಹೋದ, ಒಬ್ಬ 1954ರಲ್ಲಿ ಸತ್ತ, ಇನ್ನೊಬ್ಬ 1972ರಲ್ಲಿ. 1974ರಲ್ಲಿ ಸುಜುಕಿ ಎಂಬ ಅಲೆಮಾರಿ ತರುಣ ಅವನನ್ನು ಹುಡುಕಿಕೊಂಡು ಹೋದ. ಲೆಫ್ಟಿನೆಂಟ್ ಓನೊಡಾ, ಕಾಡಿನ ಪಾಂಡಾ, ಹಿಮಮಾನವ, ಈ ಮೂರನ್ನು ನೋಡಬೇಕೆಂಬುದು ಅವನ ಹಂಬಲ. ಮೊದಲನೆಯದು ಸಿಕ್ಕಿತು! ಆದರೆ ಮೇಲಧಿಕಾರಿ ಬಂದು ಹೇಳದೆ ಓನೊಡಾ ಕದಲಲೊಲ್ಲ. ಆ ಮೇಲಧಿಕಾರಿ ತಾನಿಗುಚಿ ಆಗ ಪುಸ್ತಕ ಮಾರಿಕೊಂಡಿದ್ದ. ಅವನನ್ನೇ ಕರೆತಂದು ಆಜ್ಞೆ ಓದಿಸಿದರು. ಆಮೇಲೆ ಓನೊಡಾ ಕತ್ತಿಯನ್ನೂ, ಇನ್ನೂ ಕೆಲಸ ಮಾಡುತ್ತಿದ್ದ ಬಂದೂಕನ್ನೂ ಒಪ್ಪಿಸಿದ. ಸುಜುಕಿ ಹಿಮಮಾನವನನ್ನು ಹುಡುಕುತ್ತ 1986ರಲ್ಲಿ ಹಿಮಾಲಯದಲ್ಲೇ ಸತ್ತ.

ಕಚೇರಿಯಲ್ಲಿ ಇಲ್ಲಿಗೆ ನಿಲ್ಲಿಸಿದಾಗ ‘ಎಂಥ ನಿಷ್ಠೆ ನೋಡಿ, ನಮ್ಮಲ್ಲಿ ಹನ್ನೊಂದಕ್ಕೆ ಬಂದು ನಾಲ್ಕಕ್ಕೆ ಹೋಗುತ್ತಾರೆ’ ಎಂದು ಒಬ್ಬರು ತಲೆದೂಗಿದರು. ಇದು ಎಷ್ಟೋ ವರ್ಷ ನಾನೇ ನಿಲ್ಲಿಸುತ್ತಿದ್ದ ಜಾಗ. ಕಾಡಿನಲ್ಲಿ ಕಳೆದ ವರ್ಷಗಳಲ್ಲಿ ಓನೊಡಾನ ಗುಂಪು ಲುಬಾಂಗಿನ ಮೂವತ್ತರಷ್ಟು ಜನರನ್ನು ಕೊಂದಿತ್ತು, ಬೇಸಾಯಗಾರರನ್ನು, ಯುದ್ಧ ಎಂದೋ ಮುಗಿದ ಮೇಲೆ. ಫಿಲಿಪ್ಪೀನ್ಸಿನ ಅಧ್ಯಕ್ಷ ಮಾರ್ಕೋಸ್ ಅವನನ್ನು ಕ್ಷಮಿಸಿದ. ಇದನ್ನು ಸೇರಿಸಿದಾಗ ಮೇಜಿನಲ್ಲಿ ಚಮಚದ ಸದ್ದೂ ಇರಲಿಲ್ಲ. ಆರನೇ ಕ್ಲಾಸಿನ ಹುಡುಗಿ ರಾತ್ರಿ ಕೇಳಿದ್ದು ಒಂದೇ ಪ್ರಶ್ನೆ: ‘ಸತ್ತವರ ಮನೆಯವರು ಕ್ಷಮಿಸಿದರಾ ಮಾಮ?’ ನಾನು ದೀಪ ಆರಿಸಿದೆ. ನಾಲ್ಕರಲ್ಲಿ ತೂಕದ ಕಥೆ ಯಾವುದೆಂದರೆ ಇದೇ, ಆದರೆ ಮಲಗುವ ಮುನ್ನ ಹೇಳುವಂಥದ್ದಲ್ಲ.

ಕೊನೆಯ ಕಥೆಗೆ ಪ್ರವಾಸ ಬೇಡ, ಮದ್ದೂರು ತಾಲ್ಲೂಕಿನ ಆತಕೂರು ಸಾಕು. 949ರ ತಕ್ಕೋಲಂ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗರ ಬೂತುಗ ಚೋಳರ ರಾಜಾದಿತ್ಯನನ್ನು ಕೊಂದ. ಬೂತುಗನ ಸೇವಕ ಮಣಲೇರನೂ ಶೌರ್ಯ ತೋರಿದ. ಒಡೆಯ ಮೆಚ್ಚಿ ಬೇಡಿಕೊ ಎಂದಾಗ ಮಣಲೇರ ಕೇಳಿದ್ದು ಊರನ್ನಲ್ಲ, ಹೊನ್ನನ್ನಲ್ಲ, ಕಾಳಿ ಎಂಬ ನಾಯಿಯನ್ನು. ಅದನ್ನು ಒಂದು ಹಂದಿಯ ಮೇಲೆ ಬಿಟ್ಟಾಗ ಎರಡೂ ಕಾದಾಡಿ ಸತ್ತವು. ಮಣಲೇರ ನಾಯಿಗಾಗಿ ಕಲ್ಲು ನಿಲ್ಲಿಸಿ, ಭೂಮಿಯನ್ನು ದತ್ತಿ ಬಿಟ್ಟ. ಅಲ್ಲಿನ ಗೊರವ, ಅಂದರೆ ಶಿವನ ಗುಡಿಯ ಪೂಜಾರಿ, ಆ ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ತಗಲುತ್ತದೆ ಎಂದೂ ಬರೆಸಿದ. ಕಾಳಿಯೂ ಹಂದಿಯೂ ಸೆಣಸುವ ಚಿತ್ರವುಳ್ಳ ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯ ಸೇರಿದೆ.

ಕಚೇರಿಯಲ್ಲಿ ಇದು ಅಷ್ಟಾಗಿ ನಡೆಯಲಿಲ್ಲ. ರಾಷ್ಟ್ರಕೂಟ, ಗಂಗ ಎನ್ನುವಷ್ಟರಲ್ಲೇ ಪರೀಕ್ಷೆಯ ನೆನಪಾಗಿ ಇಬ್ಬರು ಕೈ ತೊಳೆಯಲು ಎದ್ದರು. ನಾಯಿಯಿಂದ ಶುರು ಮಾಡಿ ರಾಜರನ್ನು ಆಮೇಲೆ ತರಬೇಕಿತ್ತು, ಮನೆಯಲ್ಲಿ ಹಾಗೆಯೇ ಮಾಡಿದೆ. ಅಪ್ಪ ಮೊದಲ ಬಾರಿಗೆ ಏನೂ ಕೇಳಲಿಲ್ಲ. ‘ಇದಕ್ಕೆ ವೋಚರ್ ಕಲ್ಲಿನದೇ’ ಎಂದು ಪತ್ರಿಕೆ ತೆರೆದರು. ಹುಡುಗಿಗೆ ಗೊರವನ ಚಿಂತೆ: ಜ್ವರ ಬಂದ ದಿನ ಅವನೇನು ಮಾಡುತ್ತಿದ್ದ? ಹುಡುಗ ನಾಯಿ ಕಪ್ಪಗೇ ಇತ್ತೆಂದು ತಾನೇ ತೀರ್ಮಾನಿಸಿದ. ಮರುದಿನ ಬೆಳಿಗ್ಗೆ ದೋಸೆ ತಟ್ಟೆಗೆ ಬಿದ್ದರೂ ಅವನ ಪತ್ತೆಯಿಲ್ಲ. ಹುಡುಕಿದರೆ ಗೇಟಿನ ಹೊರಗೆ, ಬೀದಿಯ ಕರಿ ನಾಯಿಗೆ ಬಿಸ್ಕತ್ತು ಹಾಕುತ್ತಿದ್ದ. ಹಾಕದೆ ತಿಂದರೆ ಪಾಪವಂತೆ.