ಟಿಡಿಎಸ್ ಪೆನ್ನು ನಂಬಿ ಕೆಂಪು ಬಣ್ಣ ಬಳಿದ ಬೋರಿನ ನೀರು ಕುಡಿಯಬೇಡಿ

ರಾಯಚೂರು, ಯಾದಗಿರಿ ಕಡೆಯ ತಾಂಡಾದವರು, ಊರಲ್ಲಿ ಹಿರಿಯರನ್ನು ಬಿಟ್ಟು ಬೆಂಗಳೂರು, ಪುಣೆಗೆ ದುಡಿಯಲು ಹೋದವರು ದಯವಿಟ್ಟು ಇದನ್ನು ಪೂರ್ತಿ ಓದಿ.

ನಮ್ಮ ಕಾಕಾನ ತಾಂಡಾದಲ್ಲಿ ಬೋರಿಗೆ ಕೆಂಪು ಬಣ್ಣ ಬಳಿದು ಬಹಳ ವರ್ಷವಾಯಿತು. ಈ ನೀರಲ್ಲಿ ಆರ್ಸೆನಿಕ್ ಎಂಬ ವಿಷ ಇದೆ, ಕುಡಿಯಬೇಡಿ ಎಂಬ ಗುರುತು ಅದು. ಹೆಂಗಸರು ದೂರದ ನಳದಿಂದ ಕೊಡ ಹೊತ್ತು ತರುತ್ತಿದ್ದರು. ಆಗ ಫಿಲ್ಟರ್ ಮಾರುವವನೊಬ್ಬ ಬಂದ. ಬೋರಿನ ನೀರಿನ ಲೋಟಕ್ಕೆ ಉಪ್ಪಿನಂಶ ಅಳೆಯುವ ಟಿಡಿಎಸ್ ಪೆನ್ನು ಅದ್ದಿ, "ಐನೂರರ ಒಳಗೇ ಐತಿ ನೋಡ್ರಿ, ವಿಷಾನೂ ಇಲ್ಲ ಏನೂ ಇಲ್ಲ, ಬರೇ ಕ್ರಿಮಿ. ಈ ಮಷಿನ್ ಹಾಕಿಸ್ರಿ ಸಾಕು" ಅಂದ. ಸಂಘದಲ್ಲಿ ಸಾಲ ಎತ್ತಿ ಹಲವು ಮನೆಯವರು ಕೊಂಡರು. ನಳಕ್ಕೆ ಹೋಗುವುದು ನಿಂತಿತು.

ಕೆಲವು ವರ್ಷಗಳಲ್ಲಿ ಕಾಕಾನ ಅಂಗೈ, ಅಂಗಾಲಿನಲ್ಲಿ ಗಟ್ಟಿ ಗಂಟುಗಳೆದ್ದವು. ಸಲಿಕೆ ಹಿಡಿದ ಕೈ, ಹಾಗೇ ಇರುತ್ತದೆ ಅಂದರು ಎಲ್ಲರೂ. ಆಮೇಲೆ ಎದೆ, ಬೆನ್ನಿನ ಮೇಲೆ ಮಳೆಹನಿ ಸಿಡಿದಂತೆ ಕಪ್ಪು-ಬಿಳಿ ಚುಕ್ಕೆ. ಪಟ್ಟಣದ ಕ್ಲಿನಿಕ್ಕಿನಲ್ಲಿ ಹುಳುಕಡ್ಡಿಯ ಮುಲಾಮು ಕೊಟ್ಟು ಕಳಿಸಿದರು. ಕುಷ್ಠ ಇರಬಹುದೆಂದು ಗುಸುಗುಸು ಶುರುವಾಗಿ, ಆ ಮನೆಯ ಹುಡುಗಿಗೆ ಬಂದ ಸಂಬಂಧವೂ ತಪ್ಪಿತು. ನನಗೆ ಇಂದಿಗೂ ಸಂಕಟವಾಗುವುದು ಇದಕ್ಕೇ. ಆರ್ಸೆನಿಕ್ ಕಾಯಿಲೆ ಒಬ್ಬರಿಂದ ಒಬ್ಬರಿಗೆ ಅಂಟುವುದೇ ಇಲ್ಲ.

ಕೊನೆಗೆ ದೊಡ್ಡಾಸ್ಪತ್ರೆಯ ಚರ್ಮದ ಡಾಕ್ಟರೊಬ್ಬರು ಕೈ ನೋಡಿದವರೇ "ಯಾವ ನೀರು ಕುಡಿಯುತ್ತೀರಿ?" ಎಂದು ಕೇಳಿದರು. ಬೋರಿನ ನೀರು, ಫಿಲ್ಟರಿನ ನೀರು ಎರಡನ್ನೂ ಲ್ಯಾಬಿಗೆ ಕೊಟ್ಟೆವು. ಎರಡರಲ್ಲೂ ಆರ್ಸೆನಿಕ್ ಮಿತಿಗಿಂತ ಹಲವು ಪಟ್ಟು ಹೆಚ್ಚಿತ್ತು. ಮಷಿನ್ ಬಿಚ್ಚಿಸಿದರೆ ಒಳಗೆ ಕಸ ಸೋಸುವ ದಾರದ ಸುರುಳಿ, ಇದ್ದಿಲು, ಒಂದು ಯುವಿ ದೀಪ. ಯುವಿ ಕ್ರಿಮಿಯನ್ನು ಕೊಲ್ಲುತ್ತದೆ, ಆರ್ಸೆನಿಕ್ಕನ್ನು ಮುಟ್ಟುವುದಿಲ್ಲ.

ಪೆನ್ನಿನ ಲೆಕ್ಕ ತಿಳಿದುಕೊಳ್ಳಿ. ನೀರಲ್ಲಿ ಕರಗಿದ ಉಪ್ಪಿನಂಶ ಒಟ್ಟು ಎಷ್ಟಿದೆ ಎಂಬುದನ್ನು ಅದು ವಿದ್ಯುತ್ ಹರಿಯುವುದರಿಂದ ಅಂದಾಜು ಮಾಡುತ್ತದೆ. 500 ಎಂದರೆ ಲೀಟರಿಗೆ 500 ಮಿಲಿಗ್ರಾಂ. ಆರ್ಸೆನಿಕ್‌ನ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ, ಅಂದರೆ ಒಂದು ಮಿಲಿಗ್ರಾಮಿನ ನೂರನೇ ಒಂದು ಪಾಲು. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ಸುತ್ತ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕೊಳವೆಬಾವಿಯ 59 ಮಾದರಿಗಳ ಪೈಕಿ 79% ಮಿತಿ ಮೀರಿದ್ದವು, ಅತಿ ಹೆಚ್ಚು ಇದ್ದದ್ದು 303 ಮೈಕ್ರೋಗ್ರಾಂ. ಪರೀಕ್ಷಿಸಿದ 181 ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಚರ್ಮದಲ್ಲಿ ಇದೇ ಗುರುತುಗಳಿದ್ದವು. ಅಷ್ಟು ವಿಷವೂ ಪೆನ್ನಿನ ಅಂಕಿಯಲ್ಲಿ ಒಂದನ್ನು ಕೂಡ ಏರಿಸುವುದಿಲ್ಲ! ಬಣ್ಣ, ವಾಸನೆ, ರುಚಿಯಿಂದಲೂ ತಿಳಿಯುವುದಿಲ್ಲ.

ನಮ್ಮ ಕಡೆ ಚಿನ್ನದ ಅದಿರು ಇರುವ ಬಂಡೆಯಲ್ಲಿ ಆರ್ಸೆನಿಕ್ ಕೂಡ ಇರುತ್ತದೆ, ಗಣಿಯಿಂದ ಎತ್ತಿ ಸುರಿದ ಮಣ್ಣಿನಲ್ಲೂ ಇರುತ್ತದೆ. ಆದ್ದರಿಂದ ಹಳೆಯ ಗಣಿ ಹತ್ತಿರವಿದ್ದರೆ ಗುರುತಿಲ್ಲದ ಬೋರನ್ನೂ ಪರೀಕ್ಷೆ ಮಾಡಿಸಿ. ಗ್ರಾಮೀಣ ಕುಡಿಯುವ ನೀರು ಇಲಾಖೆಯ ಜಿಲ್ಲಾ ಪ್ರಯೋಗಾಲಯಕ್ಕೆ ಜನರೂ ನೀರು ಕೊಡಬಹುದು. "ನೀರು ಪರೀಕ್ಷೆ" ಎಂದಷ್ಟೇ ಬರೆಯಬೇಡಿ, "ಆರ್ಸೆನಿಕ್" ಎಂದು ಹೆಸರು ಹಿಡಿದು ಬರೆದುಕೊಡಿ. ಬೋರನ್ನು ಇನ್ನಷ್ಟು ಆಳಕ್ಕೆ ಕೊರೆಸಿದರೆ ಮತ್ತೆ ಪರೀಕ್ಷೆ ಮಾಡಿಸಬೇಕು.

ಕಾಯಿಸಿದರೆ ಈ ವಿಷ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಅನ್ನ, ಬೇಳೆ ಬೇಯಿಸಲೂ ಆ ನೀರು ಬೇಡ. ಬಟ್ಟೆ, ಪಾತ್ರೆ ತೊಳೆಯಲು ಅಷ್ಟು ಹೆದರಬೇಕಿಲ್ಲ. ಆರ್‌ಒ ಯಂತ್ರ ಬಹುಪಾಲು ಆರ್ಸೆನಿಕ್ ತೆಗೆಯಬಲ್ಲದು, ಆದರೆ ಎಲ್ಲ ಬಗೆಯದನ್ನೂ ಒಂದೇ ಸಮ ತೆಗೆಯುವುದಿಲ್ಲ. ಅದು ಬೇಡವೆಂದು ಹೊರಬಿಡುವ ನೀರಲ್ಲಿ ವಿಷ ಇನ್ನೂ ಹೆಚ್ಚಿರುತ್ತದೆ, ದನಕ್ಕೆ ಕುಡಿಸಬೇಡಿ.

ಅಂಗೈ ಗಂಟು ಕಂಡವರು ಮೊದಲು ನೀರು ಬದಲಿಸಿ, ಆಮೇಲೆ ಡಾಕ್ಟರ ಹತ್ತಿರ ಹೋಗಿ. ವರ್ಷಾನುಗಟ್ಟಲೆ ಕುಡಿದರೆ ಚರ್ಮ, ಶ್ವಾಸಕೋಶ, ಮೂತ್ರಕೋಶದ ಕ್ಯಾನ್ಸರ್ ಬರಬಹುದು.

ಆ ಮಾರುವವನ ಫೋನು ಈಗ ಹತ್ತುವುದಿಲ್ಲ, ಸಂಘದ ಕಂತು ಮಾತ್ರ ಕಾಕಾ ಇನ್ನೂ ಕಟ್ಟುತ್ತಿದ್ದಾನೆ. ನಿಮ್ಮ ತಾಂಡಾಕ್ಕೆ ಅಂಥವರು ಯಾರೇ ಬಂದರೂ, ಫಿಲ್ಟರಿಗೆ ಹೋಗುವ ಮುಂಚಿನ ಮತ್ತು ಬಂದ ಮೇಲಿನ ನೀರಿನ ಆರ್ಸೆನಿಕ್ ವರದಿಯನ್ನು ಲ್ಯಾಬಿನ ಮೊಹರಿನೊಂದಿಗೆ ಕೇಳಿ. ಅದು ಕೈಗೆ ಸಿಗುವ ತನಕ ಹಣ ಕೊಡಬೇಡಿ.