ಡಾಂಬರು ಮುಗಿಯುವಲ್ಲಿ ಗಾಡಿ ನಿಲ್ಲದಿದ್ದರೆ: ಮರುಭೂಮಿ ಸಫಾರಿಗೆ ಹೊರಟವರಿಗೆ ಎಚ್ಚರಿಕೆ

ಡಾಂಬರು ಮುಗಿದು ಮರಳು ಶುರುವಾಗುವ ಜಾಗದಲ್ಲಿ ಗಾಡಿ ನಿಲ್ಲಲೇ ಇಲ್ಲ. ಆರು ಪ್ರಯಾಣಿಕರು, ಒಬ್ಬ ಚಾಲಕ. ಹೊರಟಿದ್ದೇ ತಡವಾಗಿ, ಸೂರ್ಯ ಮುಳುಗುವುದರೊಳಗೆ ಫೋಟೊ ತೆಗೆಯುವ ದಿಬ್ಬ ಮುಟ್ಟಬೇಕೆಂಬ ಅವಸರ ಬೇರೆ. ಮೂರನೇ ದಿಬ್ಬ ಹತ್ತುವಾಗ ಚಕ್ರ ಹೂತಿತು. ಚಾಲಕ ಆಕ್ಸಿಲರೇಟರ್ ಒತ್ತಿ ಒತ್ತಿ ಅದನ್ನು ಇನ್ನೂ ಆಳಕ್ಕಿಳಿಸಿದ. ಆಮೇಲೆ ಹೇಗೋ ಹಿಂದಕ್ಕೆ ಜಾರಿಸಿ, ಅಲ್ಲೇ ಪಕ್ಕಕ್ಕೆ ತಿರುಗಿಸಲು ನೋಡಿದ. ಗಾಡಿ ಇಳಿಜಾರಿಗೆ ಅಡ್ಡವಾಯಿತು. ಕೆಳಬದಿಯ ಎರಡು ಚಕ್ರಗಳು ಮರಳು ಅಗೆದುಕೊಂಡು ಕುಸಿದವು, ಮೇಲಿನವು ಎದ್ದವು, ಗಾಡಿ ಮಗ್ಗುಲಿಗೆ ಉರುಳಿತು. ಕೊನೆಯ ಸಾಲಿನ ಇಬ್ಬರು ಬೆಲ್ಟ್ ಹಾಕಿರಲಿಲ್ಲ. ಬೆಲ್ಟಿನ ಕೊಂಡಿ ಸೀಟಿನ ಅಡಿಯಲ್ಲೆಲ್ಲೋ ಸೇರಿಹೋಗಿತ್ತು. ಒಬ್ಬರಿಗೆ ಭುಜದ ಮೂಳೆ ಮುರಿಯಿತು, ಇನ್ನೊಬ್ಬರ ಹಣೆಗೆ ಹೊಲಿಗೆ. ಸಹಾಯಕ್ಕೆ ಬೇರೆ ಗಾಡಿ ಬಂದಾಗ ಕತ್ತಲಾಗಿತ್ತು, ಏಳು ಜನಕ್ಕೆ ಉಳಿದಿದ್ದು ಎರಡು ಬಾಟಲಿ ನೀರು.

ಇದನ್ನು ಗ್ರಹಚಾರ ಅನ್ನಬೇಕಿಲ್ಲ. ಕೆಟ್ಟಿದ್ದು ದಿಬ್ಬದ ಮೇಲಲ್ಲ, ಟೈರಿನ ಗಾಳಿ ಇಳಿಸಲು ನಿಲ್ಲದೆ ಹೋದ ಡಾಂಬರಿನ ಅಂಚಿನಲ್ಲೇ.

ರಸ್ತೆಯಲ್ಲಿ ಓಡುವಾಗ ಇಂಥ ಗಾಡಿಗಳ ಟೈರಿನಲ್ಲಿ ಹೆಚ್ಚುಕಡಿಮೆ 32ರಿಂದ 36 ಪಿಎಸ್‌ಐ (ಒತ್ತಡದ ಅಳತೆ) ಗಾಳಿ ಇರುತ್ತದೆ. ಮರಳಿಗೆ ಇಳಿಯುವ ಮುಂಚೆ ಅದನ್ನು 15ರಿಂದ 18ರ ಆಸುಪಾಸಿಗೆ ಇಳಿಸಬೇಕು. ಆಗ ಟೈರು ಚಪ್ಪಟೆಯಾಗಿ ನೆಲಕ್ಕೆ ತಾಗುವ ಭಾಗ ಉದ್ದವಾಗುತ್ತದೆ, ಭಾರ ಹಂಚಿಹೋಗುತ್ತದೆ, ಚಕ್ರ ಮರಳನ್ನು ಅಗೆಯುವ ಬದಲು ಅದರ ಮೇಲೆ ತೇಲಿದ ಹಾಗೆ ಹೋಗುತ್ತದೆ. ಒಂಟೆಯ ಅಗಲ ಪಾದ ಮಾಡುವುದೂ ಇದನ್ನೇ. ತೀರಾ ಇಳಿಸಿದರೂ ಕಷ್ಟ: 10ಕ್ಕೆ ಬಂತೆಂದರೆ ಜೋರು ತಿರುವಿನಲ್ಲಿ ಟೈರು ರಿಮ್ ಬಿಟ್ಟು ಕಳಚಿಕೊಳ್ಳಬಹುದು. ನಾಲ್ಕೂ ಚಕ್ರಕ್ಕೆ ಸೇರಿ ಹತ್ತು ನಿಮಿಷದ ಕೆಲಸ. ಆದರೂ ಯಾಕೆ ತಪ್ಪಿಸುತ್ತಾರೆ? ಬಹಳ ಸಲ ಕಾರಣ ಗಾಡಿಯಲ್ಲಿ ಕಂಪ್ರೆಸರ್, ಅಂದರೆ ಟೈರಿಗೆ ಗಾಳಿ ತುಂಬುವ ಯಂತ್ರ, ಇಲ್ಲದಿರುವುದು. ಗಾಳಿ ಕಡಿಮೆಯಿರುವ ಟೈರಿನಲ್ಲಿ ಡಾಂಬರಿನ ಮೇಲೆ ವೇಗವಾಗಿ ಓಡಿಸಿದರೆ ಅದು ಕಾದು ಒಡೆಯುತ್ತದೆ. ವಾಪಸ್ ಬಂದು ತುಂಬಿಸಿಕೊಳ್ಳಲು ದಾರಿ ಇಲ್ಲದವನು ಗಾಳಿ ಬಿಡುವುದೇ ಇಲ್ಲ. ಹಾಗಾಗಿ ಬುಕ್ ಮಾಡುವಾಗ ಎಸಿ, ಸಂಗೀತ, ಊಟ ವಿಚಾರಿಸುವ ಮೊದಲು ಕಂಪ್ರೆಸರ್ ಇದೆಯಾ ಅಂತ ಕೇಳಿ.

ಗಾಳಿ ಬಿಡುವ ಆ ಹತ್ತು ನಿಮಿಷದಲ್ಲಿ ನೀವೂ ಕೆಳಗಿಳಿಯಿರಿ. ಡಿಕ್ಕಿ ತೆಗೆಸಿ: ಸಲಿಕೆ, ಎಳೆಯುವ ಹಗ್ಗ, ಚಕ್ರದಡಿ ಕೊಡುವ ಹಲಗೆ ಕಾಣಬೇಕು. ಗಾಡಿಯೊಳಗೆ ಚಾವಣಿಗೆ ಆಸರೆಯಾಗಿ ದಪ್ಪ ಪೈಪಿನ ಚೌಕಟ್ಟು, ಅಂದರೆ ರೋಲ್ ಕೇಜ್, ಇರಬೇಕು. ಪ್ರತಿ ಸೀಟಿನ ಬೆಲ್ಟನ್ನೂ ಕೊಂಡಿಗೆ ಸಿಕ್ಕಿಸಿ, ಜಗ್ಗಿ ನೋಡಿ, ಕೊನೆಯ ಸಾಲಿನದನ್ನಂತೂ ಬಿಡಲೇಬೇಡಿ. ಜೊತೆಗೆ ಇನ್ನೊಂದು ಗಾಡಿ ಬರುತ್ತಿದೆಯೇ? ಒಂಟಿ ಗಾಡಿ ಹೂತರೆ ಎಳೆಯುವವರಿಲ್ಲ. ಎಷ್ಟೋ ಕಡೆ ಮೊಬೈಲ್ ಸಿಗ್ನಲ್ಲೂ ಸಿಗುವುದಿಲ್ಲ.

ಇನ್ನು ದಿಬ್ಬದ ವಿಷಯ. ಗಾಳಿ ಬಂದು ಬಡಿಯುವ ಕಡೆಯ ಮೈ ಓರೆ ಕಡಿಮೆ, ಮರಳು ಬಿಗಿ. ಆಚೆ ಮೈ ಕಡಿದು, ಸುಮಾರು 32ರಿಂದ 34 ಡಿಗ್ರಿ ಇಳಿಜಾರು. ಅಲ್ಲಿ ಮರಳು ಸಡಿಲ, ಕಾಲಿಟ್ಟರೆ ಜಾರುತ್ತದೆ. ಪಳಗಿದ ಚಾಲಕ ನೆತ್ತಿಯ ಹತ್ತಿರ ವೇಗ ತಗ್ಗಿಸಿ ಆಚೆ ಏನಿದೆ ನೋಡುತ್ತಾನೆ, ಇಳಿಯುವಾಗ ಮೂಗು ನೇರ ಕೆಳಕ್ಕಿಟ್ಟು ಇಳಿಯುತ್ತಾನೆ. ಹಿಂಭಾಗ ಪಕ್ಕಕ್ಕೆ ಜಾರತೊಡಗಿದರೆ ಸ್ಟೀರಿಂಗನ್ನು ಇಳಿಜಾರಿನ ಕಡೆಗೇ ತಿರುಗಿಸುತ್ತಾನೆ, ಮೇಲಕ್ಕಲ್ಲ. ಹತ್ತಲಾಗದೆ ನಿಂತರೆ ಬಂದ ಅಚ್ಚಿನಲ್ಲೇ ನೇರವಾಗಿ ಹಿಂದಕ್ಕೆ ಬರುತ್ತಾನೆ. ನೆತ್ತಿಯನ್ನು ಕಣ್ಣುಮುಚ್ಚಿ ಹಾರಿಸುವವನು, ಇಳಿಜಾರಿಗೆ ಅಡ್ಡಡ್ಡ ಓಡಿಸುವವನು ಸಿಕ್ಕರೆ ‘ನಿಧಾನ’ ಅಂತ ಗಟ್ಟಿಯಾಗಿ ಹೇಳಿ. ಹಿಂದೆ ಕೂತವರು ಕೇಕೆ ಹಾಕಿದಷ್ಟೂ ಅವನ ಕಾಲು ಭಾರವಾಗುತ್ತದೆ ಅನ್ನುವುದು ಕೂಡ ನಿಜ.

ಹೂತರೆ ಎಂಜಿನ್ ರೇಗಿಸುವುದು ಬೇಡ. ಚಕ್ರದ ಮುಂದೆ ಹಿಂದೆ ಮರಳು ತೋಡಿ, ಗಾಳಿ ಇನ್ನೊಂದೆರಡು ಪಿಎಸ್‌ಐ ಇಳಿಸಿ, ನಿಧಾನಕ್ಕೆ ಹೊರತೆಗೆಯಬೇಕು. ಗಾಡಿ ವಾಲಿದ್ದರೆ ಇಳಿಯುವುದು ಮೇಲಿನ ಬದಿಯಿಂದ ಮಾತ್ರ. ಕೆಳಬದಿಯಲ್ಲಿ ಯಾರೂ ನಿಲ್ಲಬಾರದು. ಹಗ್ಗ ಕಟ್ಟಿ ಎಳೆಯುವಾಗ ಹಗ್ಗದ ಉದ್ದಕ್ಕಿಂತಲೂ ದೂರ ನಿಲ್ಲಿ. ಹಗ್ಗವೋ ಕೊಕ್ಕೆಯೋ ಕಿತ್ತು ಬಂದರೆ ಗುಂಡಿನಂತೆ ಹಾರುತ್ತದೆ.

ನಾಲ್ಕು ಚಕ್ರದ ಕ್ವಾಡ್ ಬೈಕು ನೋಡಲು ಆಟಿಕೆ, ಬಹಳಷ್ಟರ ತೂಕ 200 ಕಿಲೋ ಮೀರಿದ್ದು. ಏರಿನ ಅರ್ಧದಲ್ಲಿ ಶಕ್ತಿ ಸಾಲದೆ ನಿಂತರೆ ಹಿಂದಕ್ಕೆ ಪಲ್ಟಿ ಹೊಡೆದು ಓಡಿಸುವವರ ಮೇಲೇ ಬೀಳಬಹುದು. ಹೆಲ್ಮೆಟ್ ಕೊಡದಿದ್ದರೆ ಹತ್ತಬೇಡಿ, ಮಗುವನ್ನು ಮುಂದೆ ಕೂರಿಸಿಕೊಳ್ಳುವುದಂತೂ ಬೇಡವೇ ಬೇಡ. ಒಂಟೆ ಏಳುವಾಗ ಮೊದಲು ಹಿಂಗಾಲು ಎತ್ತುತ್ತದೆ, ಕೂತವರು ಮುಂದಕ್ಕೆ ಮುಗ್ಗರಿಸುತ್ತಾರೆ. ಆಗ ಹಿಂದಕ್ಕೆ ವಾಲಿ, ತಡಿಯ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದಿರಬೇಕು. ಕೂರುವಾಗ ಮುಂಗಾಲು ಮೊದಲು ಮಡಚುತ್ತದೆ, ಆಗಲೂ ಹಾಗೆಯೇ. ಫೋನು ಜೇಬಿನಲ್ಲಿರಲಿ.

ಹೊಟ್ಟೆ ತುಂಬ ತಿಂದು ಹತ್ತಬೇಡಿ, ಎರಡು ಗಂಟೆ ಬಿಡುವಿರಲಿ. ವಾಂತಿ ಬರುವವರು ಮುಂದಿನ ಸೀಟು ಕೇಳಿ ಪಡೆದು ದೂರದ ದಿಗಂತ ನೋಡುತ್ತಿರಿ, ಫೋನ್ ಪರದೆ ಬೇಡ. ಬಸುರಿಯರು, ಬೆನ್ನುಮೂಳೆ ಅಥವಾ ಕುತ್ತಿಗೆ ತೊಂದರೆ ಇದ್ದವರು ದಿಬ್ಬ ಹಾರಿಸುವ ಗಾಡಿ ಬಿಟ್ಟು ನೇರ ದಾರಿಯಲ್ಲಿ ಶಿಬಿರಕ್ಕೆ ಹೋಗುವ ಗಾಡಿ ಕೇಳಿ. ಕಾಂಟ್ಯಾಕ್ಟ್ ಲೆನ್ಸ್ ಬದಲು ಕನ್ನಡಕ ಹಾಕಿ. ನೀರು ಸಂಜೆಯ ಸಫಾರಿಗೂ ತಲೆಗೆ ಎರಡು ಲೀಟರಾದರೂ ನಿಮ್ಮದೇ ಚೀಲದಲ್ಲಿರಲಿ, ಜೊತೆಗೆ ಓಆರ್‌ಎಸ್ ಪೊಟ್ಟಣ ಮತ್ತು ರಾತ್ರಿಯ ಚಳಿಗೆ ಒಂದು ಸ್ವೆಟರ್. ಬಿಸಿಲಲ್ಲಿ ಯಾರಾದರೂ ತೊದಲತೊಡಗಿದರೆ, ಎಲ್ಲಿದ್ದೇನೆಂದು ತಿಳಿಯದವರಂತೆ ಆಡಿದರೆ ಅದು ಬರೀ ಸುಸ್ತಲ್ಲ. ನೆರಳಿಗೆ ತಂದು ಮೈಗೆ ನೀರು ಹಾಕಿ ಗಾಳಿ ಬೀಸುತ್ತಾ ಆಸ್ಪತ್ರೆಗೆ ಹೊರಡಿಸಬೇಕು.

ಪ್ರವಾಸ ವಿಮೆ ಇದೆಯೆಂದು ಧೈರ್ಯ ಮಾಡುವವರು ಪಾಲಿಸಿಯಲ್ಲಿ ಸಾಹಸ ಚಟುವಟಿಕೆಗಳ ಪುಟ ತೆಗೆದು ನೋಡಿ. ಕ್ವಾಡ್ ಬೈಕನ್ನು ಹೊರಗಿಟ್ಟ ಪಾಲಿಸಿಗಳೇ ಬಹಳ, ಮತ್ತು ಶಿಬಿರದಲ್ಲಿ ಹತ್ತುವ ಮುಂಚೆ ಸಹಿ ಹಾಕಿಸಿಕೊಳ್ಳುವ ಕಾಗದದಲ್ಲಿ ‘ಗಾಯವಾದರೆ ನಾನೇ ಹೊಣೆ’ ಅಂತ ಬರೆದಿರುವುದುಂಟು.